ರಕ್ಷಣಾ ಖಾತೆಯ ಕದದ ಮೇಲೆ ‘ನಾಳೆ ಬಾ’

ನಮ್ಮ ಯಲಹಂಕದ ಕಡೆ ವಾಯುಪಡೆಗಿಂತ ಮೊದಲು ಸನ್ನದ್ಧವಾಗುವುದು ಕೋಳಿ ಅಂಗಡಿ. ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ಎಂಬ ವಿಮಾನ ಪ್ರದರ್ಶನ ಬರುತ್ತದೆ, ಅದಕ್ಕೂ ಮುಂಚೆ ಪಾಲಿಕೆಯ ಆದೇಶ ಬರುತ್ತದೆ. 2025ರಲ್ಲಿ ಜನವರಿ 23ರಿಂದ ಫೆಬ್ರವರಿ 17ರವರೆಗೆ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಒಳಗೆ ಮಾಂಸದಂಗಡಿಗಳು ಬಂದ್. ಕಾರಣವೇನೋ ಸರಿಯೇ. ಎಸೆದ ಚೂರುಪಾರಿಗೆ ಹದ್ದುಗಳು ಸೇರುತ್ತವೆ, ಹದ್ದು ವಿಮಾನಕ್ಕೆ ಬಡಿದರೆ ಅನಾಹುತ. ನಮ್ಮ ಬೀದಿಯ ಅಂಗಡಿಯವರು ತಕರಾರಿಲ್ಲದೆ ಷಟರ್ ಎಳೆದರು. ಇಡೀ ರಕ್ಷಣಾ ವ್ಯವಸ್ಥೆಯಲ್ಲಿ ಹೇಳಿದ ತಾರೀಖಿಗೆ ಆದ ಕೆಲಸ ನನ್ನ ಕಣ್ಣಿಗೆ ಬಿದ್ದದ್ದು ಇದೊಂದೇ.

ಇದೇ ಯಲಹಂಕದಲ್ಲಿ 2021ರ ಫೆಬ್ರವರಿಯಲ್ಲಿ 83 ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳಿಗೆ ಸುಮಾರು 48,000 ಕೋಟಿ ರೂಪಾಯಿಯ ಒಪ್ಪಂದವಾಗಿತ್ತು. ಹಾರ, ಶಾಲು, ಫೋಟೋ ಎಲ್ಲ ಆಯಿತು. ಮೊದಲ ವಿಮಾನ 2024ರ ಮಾರ್ಚ್ ಹೊತ್ತಿಗೆ ಬರಬೇಕಿತ್ತು. 2025ರ ಫೆಬ್ರವರಿಯ ಏರೋ ಇಂಡಿಯಾದಲ್ಲಿ ವಾಯುಪಡೆಯ ಮುಖ್ಯಸ್ಥ ಎ.ಪಿ. ಸಿಂಗ್ ಒಂದು ತರಬೇತಿ ವಿಮಾನದ ಕಾಕ್‌ಪಿಟ್‌ನಲ್ಲಿ ಕೂತು, ತೇಜಸ್ ಕಟ್ಟುವ ಸರ್ಕಾರಿ ಕಂಪನಿ ಎಚ್‌ಎಎಲ್‌ನವರಿಗೆ ‘ನಿಮ್ಮ ಮೇಲೆ ನನಗೆ ಭರವಸೆಯೇ ಇಲ್ಲ’ ಎಂಬರ್ಥದ ಮಾತಾಡಿದರು. ಮೈಕು ಆನ್ ಆಗಿತ್ತು. ಹನ್ನೊಂದು ಸಿದ್ಧವಿರುತ್ತವೆ ಅಂದಿದ್ದರಂತೆ, ಇದ್ದದ್ದು ಸೊನ್ನೆ. ನಮ್ಮದು ಸೋಮಾರಿತನವಲ್ಲ, ತಾಂತ್ರಿಕ ತೊಂದರೆ ಎಂದು ಎಚ್‌ಎಎಲ್ ಸಮಜಾಯಿಷಿ ಕೊಟ್ಟಿತು. ಪೂರ್ತಿ ಸುಳ್ಳೂ ಅಲ್ಲ. ಅಮೆರಿಕದ ಜಿಇ ಕಂಪನಿ ಆ ಎಂಜಿನ್ ತಯಾರಿಸುವುದನ್ನೇ ನಿಲ್ಲಿಸಿ ವರ್ಷಗಳಾಗಿದ್ದವು. ಮತ್ತೆ ಶುರುಮಾಡಿ, ಕೊಡಬೇಕಾದ 99 ಎಂಜಿನ್‌ಗಳಲ್ಲಿ ಮೊದಲನೆಯದನ್ನು ಕಳಿಸಿದ್ದು 2025ರ ಮಾರ್ಚ್‌ನಲ್ಲಿ. ಗಾಡಿ ದೊಡ್ಡಾನೆಕ್ಕುಂದಿಯಲ್ಲಿ, ಎತ್ತು ಅಮೆರಿಕದಲ್ಲಿ.

ಅದೇ ವರ್ಷದ ಸೆಪ್ಟೆಂಬರ್ 25ರಂದು ಸರ್ಕಾರ ಇನ್ನೂ 97 ತೇಜಸ್‌ಗೆ ಸಹಿ ಹಾಕಿತು, 62,370 ಕೋಟಿಗೆ. ಮೊದಲ 83ರಲ್ಲಿ ಒಂದೂ ವಾಯುಪಡೆಯ ಕೈ ಸೇರಿರಲಿಲ್ಲ. ಮೊದಲ ಪಂಕ್ತಿಗೆ ಎಲೆ ಹಾಕಿಲ್ಲ, ಎರಡನೇ ಪಂಕ್ತಿಗೆ ಅಡುಗೆಯವರಿಗೆ ಅಡ್ವಾನ್ಸು! ಮರುದಿನ ಚಂಡೀಗಢದಲ್ಲಿ, 1963ರಿಂದ ದುಡಿದ ಮಿಗ್-21 ಯುದ್ಧವಿಮಾನಕ್ಕೆ ನೀರು ಚಿಮ್ಮಿಸಿ ಬೀಳ್ಕೊಟ್ಟರು. ವಾಯುಪಡೆಗೆ ಇರಬೇಕಾದ ಸ್ಕ್ವಾಡ್ರನ್, ಅಂದರೆ ಯುದ್ಧವಿಮಾನಗಳ ತುಕಡಿ, 42; ಉಳಿದದ್ದು 29.

ಜನ ಇದನ್ನು ವಿಳಂಬ ಅಂತಾರೆ. ತಿಳಿಯದವರು. ಇದು ಮಿತವ್ಯಯ.

ಲೆಕ್ಕ ನೋಡಿ. 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ. ಕೇಳಿದರೆ ಎದೆ ಉಬ್ಬುತ್ತದೆ. ಅದರಲ್ಲಿ ಪಿಂಚಣಿಗೇ 1.60 ಲಕ್ಷ ಕೋಟಿ. ಸಂಬಳ, ಡೀಸೆಲ್, ರೇಷನ್ ಕಳೆದು ಹೊಸ ಸಾಮಾನಿಗೆ, ಕಟ್ಟಡಕ್ಕೆ ಅಂತ ಉಳಿಯುವುದು 1.80 ಲಕ್ಷ ಕೋಟಿ. ಅದರಲ್ಲೂ ಬಹುಪಾಲು ಹಳೇ ಖರೀದಿಯ ಕಂತು. 2018ರಲ್ಲಿ ಸೇನೆಯ ಉಪಮುಖ್ಯಸ್ಥ ಲೆ.ಜ. ಶರತ್ ಚಂದ್ ಸಂಸದೀಯ ಸಮಿತಿಯ ಮುಂದೆ ಬಿಚ್ಚಿಟ್ಟದ್ದೂ ಇದನ್ನೇ: ಆಧುನೀಕರಣಕ್ಕೆ ಕೊಟ್ಟದ್ದು 21,338 ಕೋಟಿ, ಆಗಲೇ ಒಪ್ಪಿಕೊಂಡ 125 ಯೋಜನೆಗಳಿಗೆ ಕಟ್ಟಬೇಕಾದದ್ದು 29,033 ಕೋಟಿ. ಸಂಬಳ ಇಪ್ಪತ್ತೊಂದು, ಇಎಂಐ ಇಪ್ಪತ್ತೊಂಬತ್ತು. ನಮ್ಮ ಸಾಮಾನಿನಲ್ಲಿ ನೂರಕ್ಕೆ 68 ಹಳೇಕಾಲದ್ದು ಅಂತಲೂ ಹೇಳಿದರು. ಇಂಥ ಮನೆಗೆ ಆರ್ಡರ್ ಮಾಡಿದ ಫ್ರಿಜ್ಜು ಹೇಳಿದ ದಿನಕ್ಕೆ ಬಂದುಬಿಟ್ಟರೆ ಯಜಮಾನನ ಗತಿಯೇನು? ಬಾರದಿರುವುದೇ ಅವನಿಗೆ ವರ.

ಹಾಗಾಗಿ ಬಾಗಿಲ ಮೇಲೆ ಬರೆದಿದ್ದಾರೆ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳ ಕದದ ಮೇಲೆಲ್ಲ ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತಲ್ಲ, ‘ನಾಳೆ ಬಾ’ ಅಂತ? ರಾತ್ರಿ ಕದ ತಟ್ಟುವ ದೆವ್ವ ಅದನ್ನೋದಿ ಹಿಂತಿರುಗುತ್ತಿತ್ತು. ಮಾರನೇ ದಿನ ಬಂದರೂ ಅದೇ ಬರಹ. ದೆಹಲಿಯಲ್ಲಿ ಸುಣ್ಣದ ಬದಲು ಅಕ್ಷರಮಾಲೆ ಇದೆ. ಮೊದಲು ಆರ್‌ಎಫ್‌ಐ (ಯಾರ ಹತ್ತಿರ ಏನಿದೆ ಎಂಬ ವಿಚಾರಣೆ), ಆಮೇಲೆ ಎಒಎನ್ (ಬೇಕು ಎಂಬ ಒಪ್ಪಿಗೆ), ಆಮೇಲೆ ಆರ್‌ಎಫ್‌ಪಿ (ಟೆಂಡರ್), ತಾಂತ್ರಿಕ ಸಮಿತಿ, ಮರಳುಗಾಡಲ್ಲೊಂದು ಹಿಮದಲ್ಲೊಂದು ಪರೀಕ್ಷೆ, ಬೆಲೆ ಚೌಕಾಸಿ ಸಮಿತಿ, ಹಣಕಾಸಿನವರ ಟಿಪ್ಪಣಿ, ಕೊನೆಗೆ ಸಂಪುಟ ಸಮಿತಿ. ಹಣಕಾಸಿನವರ ಟಿಪ್ಪಣಿಯ ಹೊತ್ತಿಗೆ ದೇವರು ವರ ಕೊಟ್ಟಿರುತ್ತಾನೆ, ಪೂಜಾರಿ ಕೊಡಬೇಕಷ್ಟೆ. ಅಷ್ಟರಲ್ಲಿ ಕಡತ ತಂದ ಅಧಿಕಾರಿಗೆ ವರ್ಗ, ಹೊಸಬರು ಕೇಳುವ ಮೊದಲ ಪ್ರಶ್ನೆ: ಇದು ನಿಜವಾಗಿಯೂ ಬೇಕಾ?

2007ರಲ್ಲಿ 126 ಯುದ್ಧವಿಮಾನ ಬೇಕೆಂದು ಟೆಂಡರ್ ಕರೆದರು. ಬಂದ ಆರು ವಿಮಾನಗಳನ್ನು ಬೆಂಗಳೂರು, ಜೈಸಲ್ಮೇರ್, ಲೇಹ್ ಎಂದು ಬಿಸಿಲು, ಚಳಿ ಎಲ್ಲ ತೋರಿಸಿ ಪರೀಕ್ಷಿಸಿದರು. ಹೆಣ್ಣು ನೋಡುವ ಶಾಸ್ತ್ರವೂ ಇಷ್ಟು ಕಟ್ಟುನಿಟ್ಟಲ್ಲ. 2012ರಲ್ಲಿ ರಫೇಲ್ ಅಗ್ಗ ಎಂದು ಆಯ್ಕೆಯಾಯಿತು. ಆಮೇಲೆ, 126ರಲ್ಲಿ 108ನ್ನು ಬೆಂಗಳೂರಿನ ಎಚ್‌ಎಎಲ್ ಕಟ್ಟುವುದಾದರೆ ಗ್ಯಾರಂಟಿ ಯಾರದು ಎಂಬ ಜಗಳ. 2015ಕ್ಕೆ ಟೆಂಡರೇ ರದ್ದು. 2016ರಲ್ಲಿ ಕೊಂಡದ್ದು 36. ರೇಷ್ಮೆ ಸೀರೆಗೆ ಹೋಗಿ ರವಿಕೆ ಕಣ ತಂದ ಹಾಗೆ. 2018ರಲ್ಲಿ, ಸುಮಾರು 110 ವಿಮಾನ ಬೇಕು, ಯಾರ ಹತ್ತಿರ ಏನಿದೆ ತಿಳಿಸಿ ಎಂದು ಮತ್ತೆ ಮೊದಲ ಅಕ್ಷರದಿಂದ ಶುರು.

ಸಹಿ ಹಾಕಲು ಕೈ ನಡುಗುವುದಕ್ಕೂ ಕಾರಣವಿದೆ ಬಿಡಿ. 1986ರ 1,437 ಕೋಟಿಯ ಬೋಫೋರ್ಸ್ ಫಿರಂಗಿ ಕಾರ್ಗಿಲ್‌ನಲ್ಲಿ ಮಾನ ಉಳಿಸಿತು. ಆದರೆ ಅದರ 64 ಕೋಟಿ ಲಂಚದ ಆರೋಪ ಒಂದು ಸರ್ಕಾರವನ್ನೇ ನುಂಗಿತು, ತನಿಖೆಗೇ ಸುಮಾರು 250 ಕೋಟಿ ಹೋಯಿತೆಂದು 2005ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಆಮೇಲೆ ಹೊರಗಿನಿಂದ ಅಂಥ ಇನ್ನೊಂದು ಫಿರಂಗಿ ಬಂದಿಳಿದದ್ದು 2017ರಲ್ಲಿ. ಮೂವತ್ತು ವರ್ಷದಲ್ಲಿ ಅಧಿಕಾರಿಗಳು ಕಲಿತ ಪಾಠ ಇಷ್ಟೇ: ಕೊಂಡವನಿಗೆ ಸಿಬಿಐ, ಕೊಳ್ಳದವನಿಗೆ ಪಿಂಚಣಿ.

ಗಡಿಯಲ್ಲಿ ಗುಂಡು ಹಾರಿದಾಗ ಮಾತ್ರ ಈ ಅಕ್ಷರಮಾಲೆ ಒಮ್ಮೆಲೇ ಮರೆತುಹೋಗುತ್ತದೆ. 2020ರಲ್ಲಿ ಲಡಾಖ್‌ನಲ್ಲಿ ಚೀನಾ ಬಂದು ಕೂತಾಗ, 300 ಕೋಟಿವರೆಗೆ ತುರ್ತಾಗಿ ನೀವೇ ಕೊಂಡುಕೊಳ್ಳಿ ಎಂದು ಸೇನೆಗಳಿಗೆ ಅಧಿಕಾರ ಕೊಟ್ಟರು. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ಹಿರಿಯರು ಬೈಯುತ್ತಿದ್ದರು. ನಾವು ಅದಕ್ಕೆ ಸುತ್ತೋಲೆ ಹೊರಡಿಸಿದ್ದೇವೆ.

ಮೊನ್ನೆ ಭಾನುವಾರ ಅದೇ ಕೋಳಿ ಅಂಗಡಿಯಲ್ಲಿ ಸರತಿಯಲ್ಲಿದ್ದೆ. ತಕ್ಕಡಿಯ ಹಿಂದೆ ಬೋರ್ಡು: ‘ಇಂದು ನಗದು, ನಾಳೆ ಸಾಲ’. ತೊಂಬತ್ತೇಳು ವಿಮಾನದ ವಿಷಯ ತೆಗೆದೆ.

“ಅಂದ್ರೆ ಮುಂಚಿನ ಎಂಬತ್ಮೂರು ಬಂದ್ವಾ ಸಾರ್?”

“ಸಹಿ ಹಾಕೋ ಹೊತ್ತಿಗೆ ಒಂದೂ ಬಂದಿರಲಿಲ್ಲ.”

ಅವರ ಕತ್ತಿ ಮರದ ಕೊರಡಿನ ಮೇಲೆ ಹಾಗೇ ನಿಂತಿತು. “ಒಂದು ಕೇಜಿಗೆ ದುಡ್ಡು ಇಸ್ಕೊಂಡು, ಕೋಳಿ ಕೊಡದೆ, ಇನ್ನೊಂದು ಕೇಜಿಗೂ ಕೊಟ್ಟೋಗಿ ಅಂದ್ರೆ, ಕತ್ತಿ ನನ್ ಕೈಲೇ ಇದ್ರೂ ನೀವು ಸುಮ್ನೆ ಹೋಗ್ತೀರಾ?” ಅಂದವರೇ, “ಸ್ಕಿನ್ನು ತೆಗೀಲಾ, ಇರ್ಲಾ?” ಎಂದು ಕೇಳಿದರು.