ಚಿಲ್ಲರೆ ಇಳಿಯುವಾಗ ತಗೊಳ್ಳಿ

ನಾಲ್ಕು ವರ್ಷಕ್ಕೊಮ್ಮೆ ಬರಬೇಕಾದವು ಮೂರು. ಫೆಬ್ರವರಿ 29, ಒಲಿಂಪಿಕ್ಸ್, ನಮ್ಮ ಸಾರಿಗೆ ನೌಕರರ ವೇತನ ಪರಿಷ್ಕರಣೆ. ಮೊದಲನೆಯದು ಯಾರ ಅಪ್ಪಣೆಯೂ ಇಲ್ಲದೆ ಬಂದು ಹೋಗುತ್ತದೆ. ಎರಡನೆಯದು 2020ರಲ್ಲಿ ಕೊರೊನಾದಿಂದ ಒಂದು ವರ್ಷ ತಡವಾಯಿತು. ಮೂರನೆಯದೂ 2020ರ ಜನವರಿ 1ಕ್ಕೇ ಬರಬೇಕಿತ್ತು. ಬಂದದ್ದು 2023ರ ಮಾರ್ಚ್‌ನಲ್ಲಿ, ಶೇ 15ರ ಏರಿಕೆಯಾಗಿ. ಅದರ ಅವಧಿ ಅದೇ ವರ್ಷ ಡಿಸೆಂಬರ್‌ಗೆ ಮುಗಿಯುತ್ತಿತ್ತು. ಅಂದ್ರೆ ಹುಟ್ಟುವಾಗಲೇ ನಿವೃತ್ತಿಗೆ ಹತ್ತು ತಿಂಗಳು ಬಾಕಿ.

ಮುಂದಿನದು 2024ರ ಜನವರಿ 1ಕ್ಕೆ. ಆ ವರ್ಷದ ಫೆಬ್ರವರಿ 29 ಬಂತು, ಹೋಯಿತು. ಪ್ಯಾರಿಸ್‌ನಲ್ಲಿ ಒಲಿಂಪಿಕ್ಸ್ ಮುಗಿದು ಆಟಗಾರರು ಮನೆಗೆ ಬಂದರು. 2025ರ ಆಗಸ್ಟ್ 5ರಂದು ಬಸ್‌ಗಳು ನಿಂತಾಗಲೂ ಮೂರನೆಯದು ಮಾತ್ರ ದಾರಿಯಲ್ಲೇ ಇತ್ತು.

ಇನ್ನು 2020ರ ಜನವರಿಯಿಂದ 2023ರ ಫೆಬ್ರವರಿವರೆಗಿನ ಆ 38 ತಿಂಗಳ ಬಾಕಿ. ಇದು ಅರ್ಥ ಆಗಬೇಕಾದರೆ ರಾಯಚೂರಿನಲ್ಲಿ ಸಿಂಧನೂರಿನ ಬಸ್ ಹತ್ತಬೇಕು. ಐನೂರರ ನೋಟು ಕೊಡಿ. ಕಂಡಕ್ಟರ್ ಚರ್ಮದ ಚೀಲದೊಳಗೆ ಕೈ ಆಡಿಸಿ, ಟಿಕೆಟ್ ಹಿಂದೆ ಬಾಕಿ ಗೀಚಿ, ಸುತ್ತ ಒಂದು ಗೆರೆ ಎಳೆದು ಕೊಡುತ್ತಾರೆ.

"ಇಳಿಯಾಗ ತಗೋರಿ ಸರ."

ಅವರ ತಪ್ಪೂ ಅಲ್ಲ. ಬಸ್ಸಿನಲ್ಲಿ ಅರ್ಧಕ್ಕರ್ಧ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್. ಚೀಲಕ್ಕೆ ಚಿಲ್ಲರೆ ಬೀಳಬೇಕಾದರೆ ಎಲ್ಲಿಂದ? ಆದರೆ ಚೀಟಿ ಹಿಡಿದವನಿಗೆ ನೆಮ್ಮದಿ ಇಲ್ಲ. ಮಾನ್ವಿ ಬಂದರೂ ಕಿಟಕಿ ಆಚೆ ನೋಡಲ್ಲ, ಚೀಲವನ್ನೇ ನೋಡುತ್ತಾನೆ. ಕಣ್ಣು ಹತ್ತಿದರೆ ಕಥೆ ಮುಗೀತು. ಗಡಿಬಿಡಿಯಲ್ಲಿ ಇಳಿದು, ಬಸ್ ಹೊರಟ ಮೇಲೆ ಜೇಬು ಮುಟ್ಟಿ "ಏ ಯಣ್ಣಾ, ಚಿಲ್ರಿ!" ಅಂತ ಕೂಗಬೇಕು.

ಸರ್ಕಾರವೂ ಅದೇ ಕಂಡಕ್ಟರ್ ಕೈಗೆ ಅಂಥದ್ದೇ ಚೀಟಿ ಕೊಟ್ಟು ಕೂರಿಸಿತು. ಈ ನಡುವೆ ನಿವೃತ್ತರಾದವರ ಸ್ಟಾಪ್ ಬಂತು, ಇಳಿದರು. 2023ರ ಮೇ ತಿಂಗಳಲ್ಲಿ ಡ್ಯೂಟಿ ಬೇರೆ ಬದಲಾಯಿತು. ಹೊಸಬರು ಚೀಟಿ ತಿರುಗಿಸಿ ನೋಡಿ, "ಇದು ನಾವು ಬರೆದದ್ದಲ್ಲ, ಹಿಂದಿನವರದ್ದು" ಅಂದರು. ಹಿಂದಿನವರು ಕೆಳಗಿಳಿದು, "ಕೊಡ್ರೀ ಪಾಪ, ನೌಕರರದ್ದು ನ್ಯಾಯವಾದ ಬೇಡಿಕೆ" ಅಂತ ಅಲ್ಲಿಂದಲೇ ಕೂಗಿದರು. 2025ರಲ್ಲಿ 38ರ ಬದಲು 14 ತಿಂಗಳದ್ದು ಕೊಡ್ತೀವಿ, ಸಾಲದಾ ಅನ್ನೋ ಮಾತು ಬಂತು. ಉಳಿದ 24 ತಿಂಗಳು ಬಸ್ ಓಡಿಸಿದವರು ಯಾರು? ಪ್ರಾಯಶಃ ತಾನಾಗೇ ಓಡಿರಬೇಕು.

ದುಡ್ಡಿಲ್ಲ, ಅದಕ್ಕೇ ತಡ ಅನ್ನುತ್ತಾರೆ. ನಂಬೋಣ. ಆದರೆ ತಡ ಅನ್ನುವುದು ಸರ್ಕಾರದ ಹುಟ್ಟುಗುಣ ಅಂತ ಮಾತ್ರ ಹೇಳಬೇಡಿ. ಬಸ್ ದರ ಏರಿಸಲು ಸಂಪುಟ ಒಪ್ಪಿದ್ದು 2025ರ ಜನವರಿ 2ಕ್ಕೆ. ನಾವು ಜಾಸ್ತಿ ಕೊಟ್ಟು ಟಿಕೆಟ್ ತಗೊಂಡದ್ದು ಜನವರಿ 5ಕ್ಕೆ. ಅದೂ ಶೇ 15. ಪರ್ಸೆಂಟು ಒಂದೇ. ಒಂದಕ್ಕೆ ಮೂರು ದಿನ, ಇನ್ನೊಂದಕ್ಕೆ ಮೂರು ವರ್ಷ.

ಇದಕ್ಕಿಂತ ಜೋರಿನದೂ ಇದೆ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಒಂದು ವೇತನ ಪರಿಷ್ಕರಣೆ ನಡೆಯಿತು. ಅವತ್ತು ಹನಿಟ್ರ್ಯಾಪ್ ಗಲಾಟೆ. ಸಭಾಧ್ಯಕ್ಷರ ಪೀಠದ ಕಡೆ ಹರಿದ ಕಾಗದ ಹಾರುತ್ತಿತ್ತು. ಬಿಜೆಪಿಯ 18 ಶಾಸಕರು ಅಮಾನತಾದರು. ಯಾರ ಮಾತು ಯಾರಿಗೂ ಕೇಳದ ಆ ಗದ್ದಲದಲ್ಲೂ ಒಂದು ಮಸೂದೆ ಮಾತ್ರ ಎಲ್ಲರ ಕಿವಿಗೂ ಸ್ಪಷ್ಟವಾಗಿ ಬಿತ್ತು. ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರ. ಮುಖ್ಯಮಂತ್ರಿಯದು 75 ಸಾವಿರದಿಂದ ಒಂದೂವರೆ ಲಕ್ಷ. ಚರ್ಚೆ ಇಲ್ಲ, ಧರಣಿ ಇಲ್ಲ, ಖಜಾನೆಯ ಅಳಲೂ ಇಲ್ಲ. ಬೇಡುವವರೂ ಕೊಡುವವರೂ ಒಬ್ಬರೇ ಆದರೆ ಮಾತುಕತೆ ಎಷ್ಟು ಸಲೀಸು ನೋಡಿ. ಡಿಪೋ ಗೇಟಿನಲ್ಲಿ ಕೂಗಿದರೆ ಮುಷ್ಕರ ತಡೆಯೋ ಎಸ್ಮಾ ಕಾಯ್ದೆ, ಅಲ್ಲಿ ಕೂಗಿದರೆ ಡಬಲ್ ಸಂಬಳ.

ನೌಕರರ ಸಂಘಗಳೂ ಕಡಿಮೆ ಇಲ್ಲ ಬಿಡಿ. 2025ರಲ್ಲಿ ಒಂದು ಕಡೆಯವರು ಶೇ 25 ಏರಿಸಿ ಅಂದರು. ಇನ್ನೊಂದು ಕಡೆಯವರಿಗೆ ನಾಲ್ಕು ವರ್ಷದ ಈ ಚೌಕಾಶಿಯೇ ಬೇಡ, ಸರ್ಕಾರಿ ನೌಕರರಿಗೆ ಸರಿಸಮಾನ ವೇತನ ಬೇಕು. ಇಬ್ಬರೂ ಸರ್ಕಾರದ ಮೇಲೆ ಕಡಿಯೋ ಹಲ್ಲಿಗಿಂತ ಒಬ್ಬರ ಮೇಲೊಬ್ಬರು ಕಡಿಯೋ ಹಲ್ಲೇ ಜಾಸ್ತಿ. ವಿಧಾನಸೌಧದಲ್ಲಿ ಚಹಾ ಆರಾಮಾಗಿ ಕುಡಿಯುವವರು ಯಾರು ಅಂತ ಬೇರೆ ಹೇಳಬೇಕಾ?

ಆಗಸ್ಟ್ 5ರ ಮುಷ್ಕರವನ್ನೇ ತಗೊಳ್ಳಿ. ಹಿಂದಿನ ದಿನ ಮುಖ್ಯಮಂತ್ರಿ ಜೊತೆ ಸಭೆ, ವಿಫಲ. ಒಂದು ದಿನ ತಡೆಯಿರಿ ಅಂತ ಹೈಕೋರ್ಟ್ ಹೇಳಿತು, ಬೆಳಗಾಗುವಷ್ಟರಲ್ಲಿ ಬಸ್ ನಿಂತವು. ಕೋರ್ಟ್ ಗರಂ ಆಯಿತು, ಅವತ್ತೇ ಮುಷ್ಕರಕ್ಕೆ ವಿರಾಮ. ಇಂಥ ದಿನಗಳಲ್ಲಿ ನಮ್ಮ ಕಡೆ ಒಂದು ತಮಾಷೆ ಇರುತ್ತದೆ. ಬೇರೆ ದಿನ ಬಸ್ ನಿಲ್ದಾಣದ ಹತ್ತಿರ ಸುಳಿದರೆ ಬೈಸಿಕೊಳ್ಳುವ ಖಾಸಗಿ ಗಾಡಿಗಳಿಗೆ ಮುಷ್ಕರದ ದಿನ ರಾಜಮರ್ಯಾದೆ. ಒಳಗೇ ಬಂದು ನಿಂತು "ಸಿಂಧನೂರ್, ಸಿಂಧನೂರ್" ಅಂತ ಕೂಗಬಹುದು. ನಿನ್ನೆ ದಂಡ ಹಾಕಿದವರೇ ಇವತ್ತು "ಹಿಂದ ತಗೋರಿ, ಇನ್ನೂ ಹಿಂದ" ಅಂತ ಜಾಗ ತೋರಿಸುತ್ತಾರೆ.

ಹಾಗಾದರೆ ಸಂಬಳ ಏರುವುದು ಯಾವಾಗ? ಪಂಚಾಂಗದಲ್ಲೇ ಇದೆ. 2023ರ ಮಾರ್ಚ್ 1ರಂದು ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದರು. ಅವತ್ತೇ ಶೇ 17ರ ಮಧ್ಯಂತರ ಪರಿಹಾರದ ಆದೇಶ ಹೊರಬಿತ್ತು. ಸಾರಿಗೆಯವರ ಆದೇಶವೂ ಅದೇ ತಿಂಗಳು. ಖಜಾನೆಗೆ ಆ ಮಾರ್ಚ್‌ನಲ್ಲಿ ಏನಾಗಿತ್ತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೇ 10ಕ್ಕೆ ಮತದಾನ ಇತ್ತು, ಅಷ್ಟೇ.

ಈ ಲೆಕ್ಕದಲ್ಲಿ ಒಂದು ಶುಭ ಸುದ್ದಿಯೂ ಇದೆ. 2024ರದ್ದರ ಮುಂದಿನ ಪರಿಷ್ಕರಣೆ ಬರಬೇಕಾದದ್ದು 2028ರ ಜನವರಿ 1ಕ್ಕೆ. ಅದೇ ವರ್ಷ ಬೇಸಿಗೆಗೆ ವಿಧಾನಸಭೆ ಚುನಾವಣೆ. ಅದೊಂದು ಮಾತ್ರ ಟೈಮಿಗೆ ಸರಿಯಾಗಿ ಬರುವ ಲಕ್ಷಣ ಕಾಣುತ್ತಿದೆ. ಸಂಘದವರು ಮಂತ್ರಿಗಳಿಗೆ ಹಾಕಲು ಹಾರ, ಶಾಲು ಈಗಲೇ ಹೇಳಿಟ್ಟರೆ ಒಳ್ಳೆಯದು. ಎಲೆಕ್ಷನ್ ಹತ್ತಿರ ಬಂದರೆ ಅವುಗಳ ರೇಟೂ ಮೂರೇ ದಿನದಲ್ಲಿ ಏರುತ್ತದೆ.