ಮೈಸೂರು ವಿವಿಯ ‘ಒಂದೇ ಅರ್ಜಿ’ ಮೆಸೇಜ್: ನಾನು ಹಾಕಿದ್ದು ತಪ್ಪು

‘ಮೈಸೂರು ವಿವಿಯಲ್ಲಿ ಬಿಎ, ಬಿಎಸ್ಸಿ, ಎಂಬಿಬಿಎಸ್ ಎಲ್ಲಕ್ಕೂ ಒಂದೇ ಅರ್ಜಿ, ಮಾನಸಗಂಗೋತ್ರಿಗೆ ಬಂದರೆ ಸಾಕು’ ಎಂಬ ಮೆಸೇಜನ್ನು ಮೊನ್ನೆ ನಾನೂ ನಮ್ಮ ಮಂಡ್ಯದ ಗುಂಪಿಗೆ ಹಾಕಿದ್ದೆ. ಅದು ತಪ್ಪು.

ನಾನು ನಂಬಿದ್ದಕ್ಕೆ ಕಾರಣ ದೊಡ್ಡಪ್ಪನ ಎಂಬಿಬಿಎಸ್ ಸರ್ಟಿಫಿಕೇಟು. ಮನೆಯ ಹಾಲ್‌ನ ಗೋಡೆಯ ಮೇಲೆ, ಗಾಜಿನೊಳಗೆ ಅಂಚು ಹಳದಿಯಾಗಿ ನೇತಾಡುತ್ತಿದೆ. ಮೇಲೆ ದಪ್ಪಕ್ಷರದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಎಂದೇ ಇದೆ. ಆದರೆ ಅದು ಹಳೇ ಕಾಲದ್ದು ಅಲ್ವಾ! 1924ರಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜು ಆಗ ಈ ವಿವಿಯ ಕೆಳಗಿತ್ತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿ ಹುಟ್ಟಿತು, ಕಾಲೇಜು ಅದರ ಕೆಳಗೆ ಹೋಯಿತು. ಮಂಡ್ಯದ ಮೆಡಿಕಲ್ ಕಾಲೇಜು ಮಿಮ್ಸ್ ಕೂಡ ಅದಕ್ಕೇ ಸೇರಿದ್ದು. ಎಂಬಿಬಿಎಸ್‌ಗೆ ನೀಟ್ ಪ್ರವೇಶ ಪರೀಕ್ಷೆ ಬರೆಯಲೇಬೇಕು, ರಾಜ್ಯ ಕೋಟಾದ ಸರ್ಕಾರಿ ಸೀಟು ಹಂಚುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ.

ಮೈಸೂರು ವಿವಿಯ ಕ್ಯಾಂಪಸ್ಸಾದ ಮಾನಸಗಂಗೋತ್ರಿ ಮುಖ್ಯವಾಗಿ ಎಂಎ, ಎಂಎಸ್ಸಿಯಂಥ ಸ್ನಾತಕೋತ್ತರ ಕೋರ್ಸುಗಳ ಜಾಗ. ವಿವಿಯ ಸ್ವಂತ ಕಾಲೇಜಿನಲ್ಲೇ ಬಿಎ ಓದಬೇಕು ಎಂದರೆ ಮಹಾರಾಜ, ಬಿಎಸ್ಸಿಗೆ ಯುವರಾಜ. ಪಕ್ಕದ ಮುಕ್ತಗಂಗೋತ್ರಿಯೂ ಬೇರೆಯೇ, ಅದು ಮುಕ್ತ ವಿವಿಯದ್ದು. ಆಟೋದವರೂ ಒಮ್ಮೊಮ್ಮೆ ಎಡವುತ್ತಾರೆ, ಬಿಡಿ.

ಆ ಮೆಸೇಜು ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದರ ಕೆಳಗೆ ಇದನ್ನೂ ಹಾಕಿ. ಪಿಯುಸಿ ಮಕ್ಕಳು ಸುಮ್ನೆ ಬಸ್ಸು ಹತ್ತಿ ಅಲೆಯುವುದು ಬೇಡ.