ಅಮ್ಮನ ವೀಣೆಯೂ ಕುಕ್ಕರಿನ ತಾಳವೂ

ಮಕ್ಕಳಿಗೆ ಹವ್ಯಾಸವೊಂದಿದ್ದರೆ ಅದಕ್ಕೆ ಗುರುಗಳು, ಶುಲ್ಕ, ಸಮಯ, ಸ್ಕೂಟರಿನ ಸವಾರಿ ಎಲ್ಲವೂ ತಾವಾಗಿಯೇ ಒದಗಿಬರುತ್ತವೆ. ನಲವತ್ತು ದಾಟಿದ ತಾಯಿಗೆ ಹವ್ಯಾಸ ಹತ್ತಿಕೊಂಡರೆ ಮಾತ್ರ ಮನೆಮಂದಿ ಅವಳ ಆರೋಗ್ಯ ವಿಚಾರಿಸತೊಡಗುತ್ತಾರೆ. ಅಜ್ಜಿಯ ವೀಣೆಯನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಮೈಸೂರಿನ ನಮ್ಮ ಬಡಾವಣೆಯಲ್ಲೇ ಪಾಠ ಹೇಳುವ ಗುರುಗಳ ಬಾಗಿಲಲ್ಲಿ ಹೋಗಿ ನಿಂತಾಗ ಅವರು ನನ್ನ ಬೆನ್ನ ಹಿಂದೆ ಇಣುಕಿ, “ಮಗು ಎಲ್ಲಮ್ಮಾ?” ಎಂದು ಕೇಳಿದರು. ಕಲಿಯುವ ಮಗು ನಾನೇ ಎಂದು ತಿಳಿಸಿದ ಮೇಲೆ ಎರಡು ಕ್ಷಣ ಸುಮ್ಮನಿದ್ದು, “ಸರಿ, ಚಾಪೆ ಹಾಸಿಕೊಳ್ಳಿ” ಎಂದರು.

ವೀಣೆ ಶೇಷಣ್ಣನವರು (1852–1926) ನುಡಿಸಿದ ಊರಿನಲ್ಲಿ ನನಗೆ ದೊರೆತ ಸಾಧನೆಯ ಹೊತ್ತು ಬೆಳಗಿನ 5.15ರಿಂದ 6 ಗಂಟೆಯವರೆಗೆ, ಅದೂ ಒಲೆಯ ಮೇಲೆ ಬೇಳೆ ಇಟ್ಟುಕೊಂಡು. ಆದಿತಾಳಕ್ಕೆ 8 ಅಕ್ಷರ, ನಮ್ಮ ಬೇಳೆಗೆ 3 ಕೂಗು. ಇವೆರಡನ್ನೂ ಒಟ್ಟಿಗೆ ಎಣಿಸಬಲ್ಲೆನೆಂಬ ನನ್ನ ನಂಬಿಕೆ ಮೊದಲ ವಾರದಲ್ಲೇ ಕುಸಿಯಿತು. ತಾಳದ ಒಂದು ಭಾಗವಾದ ದ್ರುತದ ಮೇಲೆ ಗಮನವಿಟ್ಟ ದಿನ ಬೇಳೆ ಕರಗಿ ಗಂಜಿಯಾಗುತ್ತಿತ್ತು. ಕೂಗುಗಳನ್ನು ಸರಿಯಾಗಿ ಎಣಿಸಿದ ದಿನ ಸರಳೆ ವರಸೆ ಹತ್ತನೆಯ ಅಕ್ಷರದಲ್ಲಿ ಮುಗಿಯುತ್ತಿತ್ತು. ಸರಳೆ ವರಸೆಯಂಥ ಆರಂಭದ ಪಾಠಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಅಳವಡಿಸಿದವರು ಪುರಂದರದಾಸರೆಂದು ಹೇಳುತ್ತಾರೆ. ಪಕ್ಕದ ಮನೆಯವರು ಆರು ತಿಂಗಳು ಅದೊಂದನ್ನೇ ಕೇಳಬೇಕಾದೀತೆಂದು ದಾಸರು ಊಹಿಸಿರಲಿಕ್ಕಿಲ್ಲ. ಆದರೂ ಪಕ್ಕದ ಮನೆಯಾಕೆ ಒಳ್ಳೆಯವರು. ಒಂದು ದಿನ ಗೇಟಿನ ಬಳಿ ನಿಲ್ಲಿಸಿ, “ನಿಮ್ಮ ಮಗಳು ಪರವಾಗಿಲ್ಲ ಕಣ್ರೀ, ಎರಡನೇ ಕ್ಲಾಸಿಗೆ ಇಷ್ಟು ಬಂದರೆ ಸಾಕು” ಎಂದು ಮೆಚ್ಚಿಕೊಂಡರು.

ವೀಣೆಯನ್ನು ಮೀಟಲು ಬಲಗೈಯ ತೋರುಬೆರಳಿನಲ್ಲೂ ನಡುಬೆರಳಿನಲ್ಲೂ ತುಸು ಉಗುರಿರಬೇಕು. ಅಕ್ಕಿರೊಟ್ಟಿಯ ಹಿಟ್ಟು, ಪಾತ್ರೆಯ ಸೋಪು ಇವೆಲ್ಲವುಗಳಿಂದ ಪಾರುಮಾಡಿ ನಾನು ಎರಡು ತಿಂಗಳು ಆ ಉಗುರುಗಳನ್ನು ಸಾಕಿದೆ. ಒಂದು ಭಾನುವಾರ ಮಧ್ಯಾಹ್ನ ಕಣ್ಣಿಗೆ ನಿದ್ದೆ ಹತ್ತಿದ್ದಾಗ, ಮರುದಿನ ಶಾಲೆಯಲ್ಲಿ ಉಗುರಿನ ತಪಾಸಣೆ ಇರುವುದನ್ನು ನೆನಪಿಸಿಕೊಂಡ ಮಗಳು, ತನ್ನ ಕೆಲಸ ಮುಗಿದ ಮೇಲೆ ಕೈಯಲ್ಲಿ ಹೇಗೂ ನೇಲ್ ಕಟ್ಟರ್ ಇದೆಯೆಂದು ನನ್ನವನ್ನೂ ಬುಡಮಟ್ಟ ಕತ್ತರಿಸಿದಳು. “ಈಗ ನೀನೂ ಪಾಸ್ ಅಮ್ಮಾ” ಎಂದು ಮುದ್ದಿಸಿದವಳನ್ನು ಬೈಯುವುದು ಹೇಗೆ? ಗುರುಗಳು ನನ್ನ ಬೆರಳುಗಳನ್ನು ನೋಡಿ, ಮಾತಿಲ್ಲದೆ ತಂತಿಯಲ್ಲಿ ಮಾಡಿದ ಕೃತಕ ಉಗುರೊಂದನ್ನು ಕೈಗಿತ್ತರು.

ಇದಕ್ಕಿಂತ ದೊಡ್ಡ ಅನಾಹುತ ನಡೆದದ್ದು ಏಪ್ರಿಲಿನಲ್ಲಿ, ಯಜಮಾನರ ಸದುದ್ದೇಶದಿಂದ. ಅಟ್ಟದ ಮುಗ್ಗಲು ವಾಸನೆ ಹೋಗಲೆಂದು ಅವರು ಹಾಸಿಗೆ ದಿಂಬುಗಳ ಜೊತೆಗೆ ವೀಣೆಯನ್ನೂ ತಾರಸಿಯ ಬಿಸಿಲಿಗೆ ಇಟ್ಟರು. ಸ್ವರ ಹಿಡಿಯಲು ತಂತಿಗಳ ಕೆಳಗೆ ಕೂರಿಸಿದ ವೀಣೆಯ 24 ಮೆಟ್ಟಿಲುಗಳು ನಿಂತಿರುವುದು ಮೊಳೆಯ ಮೇಲಲ್ಲ, ಜೇನುಮೇಣದ ಮೇಲೆ ಎಂಬುದು ಬ್ಯಾಂಕಿನಲ್ಲಿ ದುಡಿಯುವವರಿಗೆ ತಿಳಿದಿರಬೇಕೆಂದೇನೂ ಇಲ್ಲ. ಸಂಜೆ ನೋಡುವಷ್ಟರಲ್ಲಿ ಮೇಣ ಮೆತ್ತಗಾಗಿ, ಮೆಟ್ಟಿಲುಗಳೆಲ್ಲ ಹಬ್ಬದೂಟ ಮುಗಿಸಿದ ನೆಂಟರಂತೆ ಒಂದರ ಮೇಲೊಂದು ಒರಗಿದ್ದವು. ಮೇಳ ಕಟ್ಟಿಕೊಡುವ ಹಿರಿಯರು ಒಂದೊಂದು ಸ್ವರಸ್ಥಾನವನ್ನೂ ಕಿವಿಯಿಂದಲೇ ಹುಡುಕಿ ಮೆಟ್ಟಿಲುಗಳನ್ನು ಮತ್ತೆ ಕೂರಿಸಬೇಕಾಯಿತು. “ಬಿಸಿಲಿಗೆ ಯಾರು ಇಟ್ಟದ್ದು? ಮಗು ಕಲಿಯುವ ವೀಣೆಯೇನಮ್ಮಾ?” ಎಂದು ಅವರು ಕೇಳಿದಾಗ ನಾನು ಮೊದಲ ಬಾರಿಗೆ, ಯಾವ ಸಂಕೋಚವೂ ಇಲ್ಲದೆ, ಹೌದು ಎಂದುಬಿಟ್ಟೆ.

ವೀಣೆ ಮನೆಗೆ ಬಂದಾಗ ಶಾಲೆ ತೆರೆದಿತ್ತು. ಆಮೇಲೆ ಮಗಳಿಗೆ ಜ್ವರ, ಅತ್ತೆಯವರ ಕಣ್ಣಿನ ಆಪರೇಷನ್, ನನ್ನ ಕಚೇರಿಯ ಆಡಿಟ್. ಹೀಗೆ ನವರಾತ್ರಿಯೂ ಬಂತು. ಸರಸ್ವತಿ ಪೂಜೆಯ ದಿನ ಪುಸ್ತಕಗಳ ಪಕ್ಕದಲ್ಲಿ ವೀಣೆಯನ್ನೂ ಇರಿಸಿ ಅರಿಶಿನ ಕುಂಕುಮ ಹಚ್ಚಿದೆ. ಪೂಜೆಗೆ ಇಟ್ಟದ್ದನ್ನು ಮತ್ತೆ ತೆಗೆಯುವವರೆಗೂ ಮುಟ್ಟಬಾರದೆಂಬ ನಿಯಮ ಕೇಳಿ ಕುಣಿದಾಡಿದ ಮಗಳು, ಗಣಿತದ ಪುಸ್ತಕವನ್ನು ಎಲ್ಲಕ್ಕಿಂತ ಕೆಳಗೆ ತಳ್ಳಿ, ವೀಣೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೇಳಿದಳು: “ಅಮ್ಮಾ, ನಿನ್ನ ವೀಣೇನ ಜೂನ್ ತಿಂಗಳಲ್ಲೇ ಪೂಜೆಗೆ ಇಟ್ಟಿದ್ಯಾ?”